ಹಸಿರು ಚೀಟಿ

"ನಮ್ಮಪ್ಪನ ಮಾತ್ರೆ ಬಿಡಿಸಿದ್ದು ನೀವೇ ತಾನೇ?"

ಕಟಿಂಗ್ ಶಾಪಿನ ಬಾಗಿಲಲ್ಲೇ ನರ್ಸ್ ಗುಡುಗಿದಳು. ಕುರ್ಚಿಯಲ್ಲಿದ್ದ ಮೇಷ್ಟ್ರ ಮುಖದ ತುಂಬ ನೊರೆ. ಕ್ಷೌರಿಕನ ಕೈ ಗಾಳಿಯಲ್ಲೇ ನಿಂತಿತು.

ಆರು ತಿಂಗಳ ಹಿಂದೆ ಅವನಿಗೆ ಬಿಪಿ ನೋಡಲು ಕಲಿಸಿದವಳು ಅವಳೇ. ಆಸ್ಪತ್ರೆಗೆ ಬಾರದ ಗಂಡಸರು ಕಟಿಂಗಿಗಾದರೂ ಬರುತ್ತಾರಲ್ಲ! ತೋಳಿಗೆ ಪಟ್ಟಿ ಸುತ್ತುವ ಪಾಠದ ನಡುವೆ ಮನಸ್ಸು ಯಾವಾಗ ಸೋತಿತೋ ಅವಳಿಗೇ ತಿಳಿಯದು.

ಇಂದು ಆ ಮನಸ್ಸೇ ಉರಿಯುತ್ತಿತ್ತು. ಬೆಳಿಗ್ಗೆ ಅಪ್ಪ ತಲೆ ತಿರುಗಿ ಬಿದ್ದಿದ್ದರು. ಬಿಪಿ ನೂರ ತೊಂಬತ್ತು! ಕೇಳಿದರೆ, "ಕಟಿಂಗ್ ಶಾಪಲ್ಲಿ ಸರಿಯಾಗಿದೆ ಅಂದ್ರಲ್ಲಮ್ಮ, ಇನ್ಯಾಕೆ ಮಾತ್ರೆ?" ಎಂದಿದ್ದರು.

"ಈಗ ಹೇಗಿದ್ದಾರೆ?" ಅವನು ಕೇಳಿದ್ದು ಅಷ್ಟೇ.

"ಆಸ್ಪತ್ರೇಲಿದ್ದಾರೆ. ಹುಷಾರಾಗ್ತಾರೆ, ನಿಮ್ಮ ಪುಣ್ಯ! ಬಿಪಿ ಮೆಷಿನ್ ಕೊಡಿ. ಇನ್ಮೇಲೆ ಇದನ್ನ ಮುಟ್ಟಬೇಡಿ."

ಅವನು ಮೆಷಿನ್ ತಂದಿಟ್ಟ.

'ತನ್ನ ಪರವಾಗಿ ಒಂದು ಮಾತಾದರೂ ಆಡಬಾರದೇ...' ಎಂದುಕೊಂಡಳು ಅವಳು.

"ತಾಯಿ, ಇಲ್ಲಿ ನಿಮ್ಮಪ್ಪಂಗೆ ಬಿಪಿ ನೋಡಿ ಕೊಟ್ಟ ಚೀಟಿ ಓದಿದ್ಯಾ?" ಮೇಷ್ಟ್ರು ನೊರೆಯೊಳಗಿಂದಲೇ ಬಾಯಿ ಹಾಕಿದರು.

ಚೀಟಿ ಅವಳ ಬ್ಯಾಗಿನಲ್ಲೇ ಇತ್ತು. ಹಸಿರು ಬಣ್ಣದ್ದು. ಅಚ್ಚು ಹಾಕಿಸಿದ ಒಕ್ಕಣೆ ಅವಳದೇ: 'ನಿಮ್ಮ ಬಿಪಿ ಸರಿಯಾಗಿದೆ. ಚಿಂತೆ ಬೇಡ.'

ಸರಿಯಾಗಿರುವುದು ಮಾತ್ರೆಯಿಂದಲೇ ಎಂಬ ಸಾಲು... ಇರಲೇ ಇಲ್ಲ!

"ನಾನೂ ಇದನ್ನ ನಂಬಿ ಮಾತ್ರೆ ಬಿಟ್ಟಿದ್ದೆ. ಇವನು ಬೈದು ಮತ್ತೆ ಶುರು ಮಾಡಿಸಿದ. ಆಮೇಲಿಂದ ಪ್ರತಿ ಚೀಟಿಗೂ ಕೈಯಾರೆ ಬರೀತಾನೆ, ನೋಡು."

ಕನ್ನಡಿಯ ಕೆಳಗಿದ್ದ ಚೀಟಿಗಳ ಕಟ್ಟನ್ನು ಅವಳು ಬಿಡಿಸಿದಳು. ಒಂದೊಂದರಲ್ಲೂ ಅದೇ ಸೊಟ್ಟ ಅಕ್ಷರ: 'ಮಾತ್ರೆ ತಗೊಳ್ಳುತ್ತಿದ್ದರೆ ಬಿಡಬೇಡಿ.'

"ಹಳೇ ಚೀಟಿಯವರ ಮನೆಗೆಲ್ಲಾ ಹೋಗಿ ಹೇಳ್ದೆ," ಅವನು ತಲೆ ತಗ್ಗಿಸಿದ. "ನಿಮ್ಮನೆಗೆ ಮಾತ್ರ ಹೋಗಲಿಲ್ಲ. ಮಗಳೇ ನರ್ಸು, ನಾನೇನು ಹೇಳೋದು ಅಂದ್ಕೊಂಡೆ. ತಪ್ಪು ನಂದೂ ಇದೆ."

"ದೀಪದ ಕೆಳಗೆ ಕತ್ತಲೆ!" ಎಂದರು ಮೇಷ್ಟ್ರು.

ಅವಳ ಕಣ್ಣು ತುಂಬಿತು. "ನನಗ್ಯಾಕೆ ಹೇಳಲಿಲ್ಲ?"

"ನಿಮ್ಮ ಬರಹದಲ್ಲಿ ತಪ್ಪು ಹುಡುಕಿದ್ರೆ... ಮುನಿಸ್ಕೊಂಡು ಈ ಕಡೆ ಬರೋದೇ ಬಿಟ್ರೆ?"

"ಬರದಿದ್ರೆ ಏನಾಗ್ತಿತ್ತು?"

"ವಾರದಲ್ಲಿ ನಾನು ಕಾಯೋದು ನೀವು ಬರೋ ಆ ಒಂದು ದಿನಾನೇ."

"ನೊರೆ ಒಣಗ್ತಿದೆ ಕಣಪ್ಪಾ!" ಮೇಷ್ಟ್ರು ಗೊಣಗಿದರು. ಇಬ್ಬರಿಗೂ ಕೇಳಿಸಲಿಲ್ಲ.

ಅವಳು ಮೆಷಿನ್ ಅನ್ನು ಅವನತ್ತ ತಳ್ಳಿದಳು. "ನನ್ನಿಂದ ತಪ್ಪಾಯ್ತು. ಸಂಜೆ ಆಸ್ಪತ್ರೆಗೆ ಬನ್ನಿ. ಅಪ್ಪ ನನ್ನ ಮಾತು ಕೇಳಲ್ಲ, ನೀವೇ ಹೇಳಿ."

"ಮಾತ್ರೆ ವಿಷಯ ಅಷ್ಟೇನಾ?"

"ಇವತ್ತು ಅಷ್ಟೇ." ಅವಳು ಕಣ್ಣೊರೆಸಿಕೊಂಡು ನಕ್ಕಳು. "ನಮ್ಮ ವಿಷಯ ಅಪ್ಪನ ಬಿಪಿ ಇಳಿದ ಮೇಲೆ."