ಜಿಪುಣನ ಐದು-ಒಂಬತ್ತು

ಹ್ಯಾಮ್ ರೇಡಿಯೋ ಕ್ಲಬ್ಬು ನಡೆಸುವ ಮೇಷ್ಟ್ರು ಲಿಫ್ಟಣ್ಣನನ್ನು ಹಿಡಿದು ನಿಲ್ಲಿಸಿದರು.

"ನೋಡಪ್ಪಾ, ಕ್ಲಬ್ಬಿನ ಹಳೇ ಕಂಪ್ಯೂಟರು ಕೈಕೊಟ್ಟಿದೆ. ಹೊಸ ಲಾಗಿಂಗ್ ಸಾಫ್ಟ್‌ವೇರ್ ಆರಿಸ್ಬೇಕು. ಮೂರು ಇಳಿಸಿಟ್ಟಿದ್ದೀನಿ. ನೀನೂ ಕನ್ನಡಕದಂಗಡಿ ಹುಡುಗಿನೂ ಕೂತು ಒಂದನ್ನ ಆರಿಸಿ. ನಿಮ್ಮಿಬ್ಬರ ಲಾಗೇ ಎಲ್ಲರಿಗಿಂತ ಉದ್ದ. ಅದನ್ನೇ ಹಾಕಿ ಪರೀಕ್ಷೆ ಮಾಡಿ."

"ಅವರು ಬರ್ತಾರಾ ಸಾರ್?"

"ಬರ್ತೀನಿ ಅಂದಿದ್ದಾಳೆ. ಮುಂದಿನ ವಾರ ಮದುವೆ, ಆಮೇಲೆ ಊರೇ ಬಿಡ್ತಾಳೆ. ಈ ಭಾನುವಾರ ತಪ್ಪಿದ್ರೆ ಸಿಗಲ್ಲ."

ಮದುವೆಯ ಸುದ್ದಿ ಅವನಿಗೆ ಹೊಸದಲ್ಲ. ಹಲ್ಲುನೋವಿದ್ದವನು ಒಂದೇ ಕಡೆ ಅಗಿಯುವುದನ್ನು ರೂಢಿಸಿಕೊಂಡಂತೆ, ಆ ಸುದ್ದಿಯನ್ನು ಮುಟ್ಟದೆ ದಿನ ದೂಡುವುದನ್ನು ಅವನು ಎಂಟು ತಿಂಗಳಿಂದ ರೂಢಿಸಿಕೊಂಡಿದ್ದ.

ಅವನು ಲಿಫ್ಟ್ ಮೆಕ್ಯಾನಿಕ್. ಆಸ್ಪತ್ರೆ, ಆಫೀಸು, ಅಪಾರ್ಟ್‌ಮೆಂಟುಗಳ ಲಿಫ್ಟುಗಳ ಹಗ್ಗ, ಬ್ರೇಕು ನೋಡಿ ಸಹಿ ಹಾಕುವುದು ಅವನ ಕೆಲಸ. ಮನೆಯಲ್ಲಿ ಅವನೂ ಅವನ ಅಕ್ಕನೂ ಇಬ್ಬರೇ. ಅವನಿಗೆ ಇದ್ದ ಒಂದೇ ಹುಚ್ಚು ಹ್ಯಾಮ್ ರೇಡಿಯೋ, ಹವ್ಯಾಸಿಗಳು ಮನೆಯಿಂದಲೇ ಪರಸ್ಪರ ಮಾತಾಡುವ ರೇಡಿಯೋ. ಹೆಚ್ಚುಕಮ್ಮಿ ಮೂರು ವರ್ಷ, ಪ್ರತಿದಿನ ಬೆಳಿಗ್ಗೆ ಆರು ಹತ್ತಕ್ಕೆ, ಊರಿನ ಈ ತುದಿಯಿಂದ ಅವನು ಕರೆಯುತ್ತಿದ್ದ, ಆ ತುದಿಯಿಂದ ಕನ್ನಡಕದಂಗಡಿಯವಳು ಓಗೊಡುತ್ತಿದ್ದಳು. ನಡುವೆ ಒಂದು ಗುಡ್ಡ. ಹಾಗಾಗಿ ಅವಳ ದನಿ ಒಮ್ಮೊಮ್ಮೆ ಸ್ಪಷ್ಟ, ಒಮ್ಮೊಮ್ಮೆ ಗೊರಗೊರ.

ಹ್ಯಾಮ್‌ಗಳು ಮಾತು ಶುರುಮಾಡುವಾಗ, ನಿಮ್ಮ ದನಿ ಹೇಗೆ ಕೇಳುತ್ತಿದೆ ಎಂದು ಅಂಕ ಕೊಡುತ್ತಾರೆ. ಸ್ಪಷ್ಟತೆಗೆ ಐದರಲ್ಲಿ, ಬಲಕ್ಕೆ ಒಂಬತ್ತರಲ್ಲಿ. ಎಲ್ಲರೂ ಎಲ್ಲರಿಗೂ ಕಣ್ಣುಮುಚ್ಚಿ ಐದು-ಒಂಬತ್ತು ಹಂಚುತ್ತಾರೆ. ಲಿಫ್ಟಣ್ಣ ಮಾತ್ರ ಹಂಚುವವನಲ್ಲ. ಸವೆದ ಹಗ್ಗಕ್ಕೆ 'ಚೆನ್ನಾಗಿದೆ' ಎಂದು ಬರೆದು ಬರುವ ಕೈ ಅವನದಾಗಿರಲಿಲ್ಲ. "ಮೂರು-ಐದು," ಎನ್ನುತ್ತಿದ್ದ. ಬಹಳ ಒಳ್ಳೆಯ ದಿನವಾದರೆ "ನಾಲ್ಕು-ಏಳು." ಅವಳು ನಗುತ್ತಿದ್ದಳು. "ಏನ್ ಜಿಪುಣರೀ ನೀವು!"

ಆ ನಗು ಕೇಳಲಿಕ್ಕೇ ಅವನು ಐದೂವರೆಗೆ ಏಳುತ್ತಿದ್ದ. ಇದನ್ನು ಯಾರಿಗೂ ಹೇಳಿರಲಿಲ್ಲ.

ಹೇಳದಿರಲು ಕಾರಣವಿತ್ತು. ಯಾರೊಡನೆ ಯಾವಾಗ ಮಾತಾಡಿದೆವು ಎಂಬುದನ್ನೆಲ್ಲ ಲಾಗ್‌ಗೆ ಏರಿಸಿ, ಎಲ್ಲ ಹ್ಯಾಮ್‌ಗಳಿಗೂ ಸೇರಿದ ವೆಬ್‌ಸೈಟಿಗೆ ಕಳಿಸುವುದು ಪದ್ಧತಿ. ಇಬ್ಬರ ಲಾಗೂ ಒಂದಕ್ಕೊಂದು ಹೊಂದಿದರೆ ಹಸಿರು ಟಿಕ್ ಬೀಳುತ್ತದೆ. ಅವನು ಪ್ರತಿ ಸಂಜೆ ತಪ್ಪದೆ ಕಳಿಸುತ್ತಿದ್ದ. ಅವಳ ಹೆಸರಿನ ಮುಂದೆ ಪ್ರತಿ ಸಂಜೆಯೂ ಒಂದೇ ಮಾತು: 'ಕಾಯುತ್ತಿದೆ.' ಬೇರೆಯವರದು ಹೊಂದುತ್ತದೋ ಇಲ್ಲವೋ ನೋಡೋಣವೆಂದರೆ, ಅವನಿಗಿದ್ದ ಉಳಿದ ಗೆಳೆಯರೆಲ್ಲ ವೆಬ್‌ಸೈಟಿನ ಬದಲು ಅಂಚೆಯಲ್ಲಿ ಕಾರ್ಡು ಕಳಿಸುವ ಹಳಬರು. ಹಾಗಾಗಿ ಅವನಿಗೆ ಒಂದೇ ಅರ್ಥ ಹೊಳೆಯಿತು. ಅವಳು ನನ್ನನ್ನು ಬರೆದುಕೊಳ್ಳುತ್ತಲೇ ಇಲ್ಲ.

ಯಾಕೆ ಬರೆದುಕೊಂಡಿಲ್ಲ ಎಂದು ಕೇಳುವುದು ಹ್ಯಾಮ್‌ಗಳಲ್ಲಿ ಮರ್ಯಾದೆಯಲ್ಲ. ಅವನು ಕೇಳಲಿಲ್ಲ. ಎಂಟು ತಿಂಗಳ ಹಿಂದೆ ಅವಳು ಆರು ಹತ್ತಕ್ಕೆ ಬರುವುದನ್ನು ನಿಲ್ಲಿಸಿದಳು.

*

ಕ್ಲಬ್ಬು ಮೂರನೇ ಮಹಡಿಯಲ್ಲಿತ್ತು. ಅವಳು ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತಳು.

"ಲಿಫ್ಟ್ ಮೆಕ್ಯಾನಿಕ್ ಮೆಂಬರ್ ಆಗಿರೋ ಕ್ಲಬ್ಬಿಗೆ ಲಿಫ್ಟೇ ಇಲ್ಲ! ನಾಚಿಕೆ ಆಗಲ್ವಾ ನಿಮಗೆ?"

"ಮೆಟ್ಟಿಲು ಕೆಡೋದಿಲ್ಲ ಮೇಡಂ. ನನಗೆ ಭಾನುವಾರ ರಜಾ ಬೇಕಲ್ಲ."

ಅವಳು ಮುಗುಳ್ನಕ್ಕು ಕೂತಳು. ಎಡಗೈಯ ಉಂಗುರ ಹೊಸದು. ಅವನು ಅದನ್ನು ನೋಡಿದ, ಅವನು ನೋಡಿದ್ದನ್ನು ಅವಳು ನೋಡಿದಳು, ಕೈ ಮಡಿಲಿಗೆ ಸರಿಯಿತು. ಮೇಷ್ಟ್ರು ಚಹಾ ತರಲು ಕೆಳಗಿಳಿದರು. ಒಂದೇ ಕಂಪ್ಯೂಟರು, ಪಕ್ಕಪಕ್ಕ ಎರಡು ಕುರ್ಚಿ.

ಮೊದಲನೇ ಸಾಫ್ಟ್‌ವೇರ್ ತೆರೆದರೆ ಪರದೆ ತುಂಬ ಭೂಮಿ ಗಿರಗಿರ ತಿರುಗಿತು.

"ಇದು ಮದುವೆ ವಿಡಿಯೋ ಥರ ಇದೆ. ಬೇಡ," ಎಂದಳು. ಎಂದವಳು ತುಟಿ ಕಚ್ಚಿಕೊಂಡಳು.

ಎರಡನೆಯದರಲ್ಲಿ ಅಕ್ಷರಗಳು ಇರುವೆ ಗಾತ್ರದವು. ಅವಳು ಮುಂದೆ ಬಾಗಿ, ಅಂಗಡಿಯಲ್ಲಿ ಗಿರಾಕಿಯ ಕಣ್ಣು ನೋಡುವ ಗತ್ತಿನಲ್ಲಿ ಅವನ ಕಡೆ ತಿರುಗಿದಳು. "ಮೂರನೇ ಸಾಲು ಓದಿ ನೋಡೋಣ."

"ಕಾಣಲ್ಲ."

"ಹಾಗಾದ್ರೆ ಇದನ್ನೇ ಆರಿಸಿ, ಎಲ್ಲಾ ಮೆಂಬರ್‌ಗಳೂ ನನ್ನ ಅಂಗಡಿಗೇ ಬರ್ಬೇಕು."

ಅವಳ ಕಣ್ಣು ಅವನ ಕಣ್ಣಿನಲ್ಲಿ ಬೇಕಾದದ್ದಕ್ಕಿಂತ ತುಸು ಹೆಚ್ಚು ಹೊತ್ತು ನಿಂತಿತು. ಅವನೇ ಮೊದಲು ಪರದೆಯ ಕಡೆ ತಿರುಗಿದ. ಇನ್ನೊಂದು ಗಳಿಗೆ ನೋಡಿದ್ದರೆ ಬಾಯಿಬಿಟ್ಟು ಏನಾದರೂ ಅಂದುಬಿಡುತ್ತಿದ್ದ.

ಮೂರನೆಯದು ಸಪ್ಪೆ. ಬಣ್ಣವಿಲ್ಲ, ಭೂಮಿಯಿಲ್ಲ. ಆದರೆ ಎರಡು ಲಾಗ್‌ಗಳನ್ನು ಅಕ್ಕಪಕ್ಕ ಇಟ್ಟು ತಾಳೆ ನೋಡುವ ಸೌಲಭ್ಯ ಅದರಲ್ಲಿತ್ತು. ಅವನು ತನ್ನ ಲಾಗ್ ಹಾಕಿದ. ಅವಳು ಪರ್ಸಿನಿಂದ ಪೆನ್‌ಡ್ರೈವ್ ತೆಗೆದು ತನ್ನದನ್ನು ಹಾಕಿದಳು. ಯಂತ್ರ ಒಂದು ನಿಮಿಷ ಯೋಚಿಸಿ ಉತ್ತರ ಕೊಟ್ಟಿತು: ಹೊಂದಿಕೆ, ಸೊನ್ನೆ.

ಅವನಿಗೆ ಆಶ್ಚರ್ಯವಾಗಲಿಲ್ಲ. ಪರದೆಯ ಬಲಭಾಗ ನೋಡಿದಾಗ ಆಯಿತು. ಅವಳ ಲಾಗ್‌ನಲ್ಲಿ ಸಾಲುಸಾಲಾಗಿ ಅವನ ರೇಡಿಯೋ ಗುರುತಾದ ಕಾಲ್ ಸೈನೇ ಇತ್ತು.

"ನೀವು ನನ್ನ ಬರ್ಕೊಂಡಿದ್ರಾ?" ಎಂದ.

ಅವಳು ಎಡಭಾಗ ನೋಡುತ್ತಿದ್ದಳು. "ನೀವೂ ಬರ್ಕೊಂಡಿದ್ರಾ? ಪ್ರತಿದಿನ?"

"ಪ್ರತಿದಿನ."

"ಮತ್ತೆ ನನ್ನ ಕಡೆ ಯಾವಾಗ್ಲೂ 'ಕಾಯುತ್ತಿದೆ' ಅಂತಿತ್ತಲ್ಲ!"

"ನನ್ನ ಕಡೇನೂ."

ಇಬ್ಬರೂ ಪರದೆಗೆ ಬಾಗಿದರು. ಕಣ್ಣಿನ ಕಸುಬಿನವಳು, ಅವಳೇ ಮೊದಲು ಕಂಡುಹಿಡಿದಳು. ಒಂದೇ ದಿನ, ಒಂದೇ ಮಾತು. ಅವಳ ಸಾಲಿನಲ್ಲಿ ಸೊನ್ನೆ ಗಂಟೆ ನಲವತ್ತು ನಿಮಿಷ. ಅವನ ಸಾಲಿನಲ್ಲಿ ಆರು ಗಂಟೆ ಹತ್ತು ನಿಮಿಷ. ಕೆಳಗಿನ ಸಾಲೂ ಹಾಗೇ. ಅದರ ಕೆಳಗಿನದೂ.

"ಇದ್ಯಾವ ಟೈಮ್ ಬರ್ದಿದ್ದೀರಿ ನೀವು?"

"ಗೋಡೆ ಗಡಿಯಾರದ್ದು."

"ಅಯ್ಯೋ, ಲಾಗ್‌ಗೆ ಯುಟಿಸಿ ಹಾಕ್ಬೇಕಲ್ರೀ! ಪ್ರಪಂಚದ ಹ್ಯಾಮ್‌ಗಳಿಗೆಲ್ಲ ಅದೊಂದೇ ಗಡಿಯಾರ. ಪರೀಕ್ಷೆಗೆ ಓದಿಲ್ವಾ?"

"ಓದಿದ್ದೆ. ಸಾಫ್ಟ್‌ವೇರೇ ಬದಲಾಯಿಸಿಕೊಳ್ಳುತ್ತೆ ಅಂದ್ಕೊಂಡಿದ್ದೆ. ಸೆಟ್ಟಿಂಗ್ಸ್ ತೆಗೆದು ನೋಡಲೇ ಇಲ್ಲ."

ಊರಿನ ಲಿಫ್ಟುಗಳ ಒಂದೊಂದು ಬೋಲ್ಟನ್ನೂ ಎರಡೆರಡು ಸಲ ನೋಡುವವನು ಅವನು. ಸೆಟ್ಟಿಂಗ್ಸ್ ಒಂದನ್ನು ಒಂದು ಸಲವೂ ನೋಡಿರಲಿಲ್ಲ. 

ಮೂರನೇ ಸಾಫ್ಟ್‌ವೇರಿನಲ್ಲಿ ಇಡೀ ಲಾಗ್‌ನ ಸಮಯ ಒಟ್ಟಿಗೆ ಸರಿಸುವ ಬಟನ್ ಇತ್ತು. ಐದೂವರೆ ಗಂಟೆ ಹಿಂದಕ್ಕೆ ಎಂದು ಕೊಟ್ಟು ಒತ್ತಿದ. ಹಸಿರು ಟಿಕ್‌ಗಳು ಮೇಲಿನಿಂದ ಕೆಳಗೆ ಬೀಳತೊಡಗಿದವು. ಹೊಂದಿಕೆ, ಸಾವಿರದ ನಲವತ್ತಾರು.

ಲಾಗ್‌ನಲ್ಲಿ ಟಿಪ್ಪಣಿಗೊಂದು ಕಾಲಂ ಇರುತ್ತದೆ. ಅಲ್ಲಿ ಬರೆದದ್ದು ಎದುರಿನವರಿಗೆ ಕಾಣುವುದು ಎರಡೂ ಲಾಗ್ ಹೊಂದಿದ ಮೇಲೆಯೇ. ಈಗ ಸಾವಿರದ ನಲವತ್ತಾರು ಸಾಲುಗಳ ಮುಂದೆ ಅವಳು ಬರೆದದ್ದೆಲ್ಲ ತೆರೆದುಕೊಂಡಿತು.

"ಬೇಡ, ಮುಚ್ಚಿ." ಅವಳ ಕೈ ಮೌಸಿನ ಮೇಲಿದ್ದ ಅವನ ಕೈ ಮೇಲೆ ಬಿತ್ತು.

"ಓದ್ಲಾ?"

ಅವಳು ಪರದೆಯನ್ನೊಮ್ಮೆ ನೋಡಿದಳು. ಆಮೇಲೆ ಕೈ ತೆಗೆದಳು.

'ದನಿ ಚೆನ್ನಾಗಿದೆ. ಅಂಕ ಕೊಡೋದ್ರಲ್ಲಿ ಮಹಾ ಜಿಪುಣ. ಮೂರು-ನಾಲ್ಕಂತೆ!'

'ಇವತ್ತು ನಾಲ್ಕು-ಏಳು. ಬಡ್ತಿ ಸಿಕ್ಕಿತು. ಅಂಗಡಿಯಲ್ಲಿ ದಿನವೆಲ್ಲ ಸುಮ್ಮಸುಮ್ಮನೆ ನಗು.'

'ಶೀತ ಆಗಿದೆಯಂತೆ. ಮಾತು ಕಡಿಮೆ ಮಾಡಿ ಅನ್ನಬೇಕಿತ್ತು. ಅನ್ನಲಿಲ್ಲ, ಮಾತಾಡಲಿ ಅನ್ನಿಸಿತು.'

'ಒಂದಲ್ಲ ಒಂದು ದಿನ ಈ ಜಿಪುಣನ ಬಾಯಲ್ಲಿ ಐದು-ಒಂಬತ್ತು ಹೇಳಿಸ್ತೀನಿ.'

ಅವನು ಕೊನೆಗೆ ಬಂದ. ಕೊನೆಯ ಹನ್ನೊಂದು ಬೆಳಗುಗಳ ಮುಂದೆ ಒಂದೇ ಸಾಲು ಹನ್ನೊಂದು ಸಲ ಇತ್ತು: 'ಮನೆಯಲ್ಲಿ ಸಂಬಂಧ ನೋಡಿದ್ದಾರೆ. ಇದು ಕಂಡರೆ ಒಂದು ಮಾತು ಹೇಳಿ.'

ಕೆಳಗೆ ರಸ್ತೆಯಲ್ಲಿ ಯಾರೋ ಲಾರಿ ಹಿಂದಕ್ಕೆ ತೆಗೆಯುತ್ತಿದ್ದರು. ಅದರ ಪೀಂ ಪೀಂ ನಿಲ್ಲುವವರೆಗೂ ಅವನು ಆ ಹನ್ನೊಂದು ಸಾಲುಗಳನ್ನು ಮತ್ತೆ ಓದಿದ.

"ನೇರವಾಗಿ ಕೇಳಬಹುದಿತ್ತಲ್ಲ ನೀವು."

"ಎಲ್ಲಿ? ರೇಡಿಯೋದಲ್ಲಾ? ಆರು ಹತ್ತಕ್ಕೆ ಮೇಷ್ಟ್ರು ನಮ್ಮ ಮಾತು ಕೇಳ್ಕೊಂಡೇ ಹಲ್ಲುಜ್ಜೋದು!"

"ಫೋನ್ ಮಾಡಬಹುದಿತ್ತು."

"ನೀವು ಮಾಡಿದ್ರಾ?"

"ಇಲ್ಲ."

"ಲಾಗ್‌ನಲ್ಲೂ ಬರ್ಕೊಳ್ಳದವರು ಮನಸ್ಸಲ್ಲಿ ಇನ್ನೇನು ಇಟ್ಕೋತಾರೆ ಅಂದ್ಕೊಂಡೆ," ಎಂದಳು. ದನಿಯಲ್ಲಿ ಜಗಳವಿರಲಿಲ್ಲ. ಇದ್ದಿದ್ದರೆ ಅವನಿಗೆ ಸಲೀಸಾಗುತ್ತಿತ್ತು.

"ನಾನೂ ಅದನ್ನೇ ಅಂದ್ಕೊಂಡೆ. ಐದೂವರೆಗೆ ಎದ್ದು ಮುಖ ತೊಳೆದು, ಶರ್ಟ್ ಹಾಕ್ಕೊಂಡು ಕೂರ್ತಿದ್ದೆ. ರೇಡಿಯೋದಲ್ಲಿ ಶರ್ಟ್ ಕಾಣುತ್ತೇನೋ ಅಂತ ಅಕ್ಕ ಆಡ್ಕೊಳ್ತಿದ್ಲು." ಅವನು ಉಸಿರೆಳೆದುಕೊಂಡ. "ನನಗೆ ನೀವಂದ್ರೆ ಇಷ್ಟ. ಮೊದಲನೇ ದಿನದಿಂದ. ಈಗ ಹೇಳಿದ್ರೆ ತಪ್ಪಾ?"

ಅವಳು ಅಳಲಿಲ್ಲ. ಉಂಗುರವನ್ನು ಒಂದು ಸುತ್ತು ತಿರುಗಿಸಿದಳು.

"ಅವರು ದನದ ಡಾಕ್ಟರು. ಹೆಂಡತಿ ತೀರಿಹೋಗಿ ಮೂರು ವರ್ಷ ಆಯ್ತು. ಆರು ವರ್ಷದ ಮಗಳಿದ್ದಾಳೆ. ಮನೆಯವರು ಮಾತಾಡಿದ ವಾರವೇ ಅವಳನ್ನ ಕನ್ನಡಕಕ್ಕೆ ಅಂತ ಅಂಗಡಿಗೆ ಕರ್ಕೊಂಡು ಬಂದ್ರು. ಹಾಕಿದ ತಕ್ಷಣ ನನ್ನ ಮುಖ ನೋಡಿ, 'ನಿಮ್ಮ ಗಲ್ಲದ ಮೇಲೆ ಮಚ್ಚೆ ಇದೆ' ಅಂದ್ಲು. ಅಲ್ಲೀವರೆಗೂ ಯಾರ ಮಚ್ಚೆನೂ ಕಂಡಿರಲಿಲ್ಲ ಆ ಮಗುವಿಗೆ. ಈಗ ಅಮ್ಮ ಅಂತಾಳೆ. ದಿನಾ ಫೋನ್ ಮಾಡಿ, ಇನ್ನೆಷ್ಟು ದಿನ ಅಂತ ಬೆರಳು ಮಡಿಸ್ತಾಳೆ. ಅವಳಿಗೆ ಹೋಗಿ ಏನಂತ ಹೇಳ್ಲಿ? ಗಡಿಯಾರ ತಪ್ಪಿತ್ತು ಅಂತಲಾ?"

"ಅವರು ಒಳ್ಳೆಯವರಾ?"

"ಒಳ್ಳೆಯವರು. ಅದೇ ಕಷ್ಟ."

ಅವನು ತಲೆಯಾಡಿಸಿದ. ಕೆಟ್ಟವನಾಗಿದ್ದರೆ ಎಂದು ಒಂದು ಕ್ಷಣ ಆಸೆಪಟ್ಟದ್ದಕ್ಕೆ ಅವನಿಗೆ ತನ್ನ ಮೇಲೇ ಬೇಸರವಾಯಿತು.

"ನಿಮ್ಮ ಕಡೆ ಟಿಪ್ಪಣಿ ಎಲ್ಲಾ ಖಾಲಿ," ಎಂದಳು ಪರದೆ ನೋಡುತ್ತಾ.

"ಈಗ ಬರೀತೀನಿ." ಕಾಲಮ್ಮಿನ ಮೇಲೆ ಒತ್ತಿದ. ತೆರೆಯಲಿಲ್ಲ. ಹೊಂದಿಕೆಯಾದ ಸಾಲುಗಳನ್ನು ತಿದ್ದಲು ಬರುವುದಿಲ್ಲ ಎಂದಿತು ಸಾಫ್ಟ್‌ವೇರ್. ಅವನು ಮತ್ತೆ ಮತ್ತೆ ಒತ್ತಿದ. ಅವಳು ಮೆಲ್ಲಗೆ ಮೌಸನ್ನು ಅವನ ಕೈಯಿಂದ ತೆಗೆದುಕೊಂಡಳು.

ಮೇಷ್ಟ್ರು ಚಹಾದ ಫ್ಲಾಸ್ಕ್ ಹಿಡಿದು ಬಂದರು. "ಏನು, ಯಾವುದು ಆರಿಸಿದ್ರಿ?"

"ಮೂರನೇದು ಸರ್," ಎಂದಳು ಅವಳು. "ತಪ್ಪು ಎಲ್ಲಿದೆ ಅಂತ ತೋರಿಸುತ್ತೆ."

"ಸ್ವಲ್ಪ ತಡವಾಗಿ ತೋರಿಸುತ್ತೆ ಸಾರ್," ಎಂದ ಅವನು.

"ಸ್ಲೋನಾ? ಅದಕ್ಕೇನಂತೆ, ಇನ್ನೊಂದು ರ‍್ಯಾಮ್ ಹಾಕ್ಸೋಣ ಬಿಡು."

ಇಬ್ಬರೂ ಒಟ್ಟಿಗೆ ನಕ್ಕರು. ಅಷ್ಟು ವರ್ಷಗಳಲ್ಲಿ ಒಂದೇ ಕೋಣೆಯಲ್ಲಿ, ನಡುವೆ ಗುಡ್ಡವಿಲ್ಲದೆ, ಅಷ್ಟು ಹತ್ತಿರದಿಂದ ಅವನು ಆ ನಗು ಕೇಳಿದ್ದು ಅದೇ ಮೊದಲು.

ಕೊನೆಯ ಮೆಟ್ಟಿಲಲ್ಲಿ ಅವಳು ನಿಂತಳು. "ಆ ಊರಲ್ಲಿ ಆಂಟೆನಾಗೆ ತಂತಿ ಕಟ್ಟಿದ ಮೇಲೆ ಒಂದು ಬೆಳಿಗ್ಗೆ ಕರೀತೀನಿ. ಒಂದೇ ಸಲ. ಆಮೇಲೆ ಕರೆಯಲ್ಲ, ನೀವೂ ಕಾಯಬಾರದು."

"ಆರು ಹತ್ತಕ್ಕಾ?"

"ಸೊನ್ನೆ ನಲವತ್ತು, ಯುಟಿಸಿ," ಎಂದಳು. ಕಣ್ಣು ನಗುತ್ತಿತ್ತು. ತಿರುಗಿ ನೋಡದೆ ಹೊರಟುಹೋದಳು.

*

ನಲವತ್ತೊಂದನೇ ಬೆಳಿಗ್ಗೆ ಅವಳು ಕರೆದಳು.

ರೇಡಿಯೋ ಬ್ಯಾಂಡ್ ಅವತ್ತು ಕೆಟ್ಟಿತ್ತು. ಹೆಂಚಿನ ಮೇಲೆ ಮರಳು ಸುರಿದಂತೆ ಸದ್ದು. ಅದರಡಿಯಲ್ಲಿ ಎಲ್ಲೋ ಅವನ ಕಾಲ್ ಸೈನಿನ ಕೊನೆಯ ಎರಡಕ್ಷರ. ಮಾಮೂಲಿನ ಲೆಕ್ಕದಲ್ಲಿ ಎರಡು-ಒಂದು. ಅದೂ ಧಾರಾಳವಾಯಿತು.

ಅವನು ಶರ್ಟಿನ ಕಾಲರ್ ಸರಿಮಾಡಿಕೊಂಡು ಮೈಕ್ ಒತ್ತಿದ.

"ಐದು-ಒಂಬತ್ತು," ಎಂದ. "ಐದು-ಒಂಬತ್ತು, ಮೇಡಂ. ಐದು-ಒಂಬತ್ತು."

ಆ ಕಡೆ ಬರೀ ಸದ್ದು. ಆಮೇಲೆ ಒಂದೇ ಒಂದು ಉಸಿರಿನಷ್ಟು ಹೊತ್ತು ಮರಳು ನಿಂತಿತು, "ನಿಮಗೂ" ಎಂಬುದು ಕೇಳಿಸಿತು, ಮತ್ತೆ ಮುಚ್ಚಿಕೊಂಡಿತು.

ತಕ್ಷಣ ಮೇಷ್ಟ್ರ ಫೋನು. ಬಾಯಿ ತುಂಬ ಪೇಸ್ಟು. "ಏನಪ್ಪಾ ಇದು! ನನಗೆ ಒಂದಕ್ಷರ ಕೇಳಿಸ್ಲಿಲ್ಲ, ನಿನಗೆ ಐದು-ಒಂಬತ್ತಾ?"

"ನನ್ನ ಆಂಟೆನಾ ಒಳ್ಳೇದು ಸಾರ್."

ಲಾಗ್ ತೆರೆದು ದಿನಾಂಕ ಬರೆದ. ಸಮಯ ಸೊನ್ನೆ ನಲವತ್ತು. ಯುಟಿಸಿ ಹೌದೋ ಅಲ್ಲವೋ ಎಂದು ಸೆಟ್ಟಿಂಗ್ಸ್‌ಗೆ ಹೋಗಿ ಮೂರು ಸಲ ನೋಡಿದ. ಟಿಪ್ಪಣಿಯ ಕಾಲಮ್ಮಿನಲ್ಲಿ ಮೊದಲ ಬಾರಿಗೆ ಬರೆದ: 'ದಿನಾ ಬೆಳಿಗ್ಗೆ ನನಗೆ ಹೀಗೇ ಕೇಳುತ್ತಿತ್ತು.'

ಸಂಜೆ ಆಸ್ಪತ್ರೆಯ ಲಿಫ್ಟಿನ ಕೆಲಸ ಮುಗಿಸಿ ಬರುವಷ್ಟರಲ್ಲಿ ಹಸಿರು ಟಿಕ್ ಬಿದ್ದಿತ್ತು. ಅವಳ ಟಿಪ್ಪಣಿ ಎರಡೇ ಮಾತು.

'ಸುಳ್ಳು. ಇಟ್ಟುಕೊಳ್ಳುತ್ತೇನೆ.'

ಮರುದಿನ ಐದೂವರೆಗೆ ಅವನಿಗೆ ತಾನಾಗಿ ಎಚ್ಚರವಾಯಿತು. ಮುಖ ತೊಳೆದ, ಶರ್ಟ್ ಹಾಕಿಕೊಂಡ. ಆರು ಹತ್ತಕ್ಕೆ ಕಿವಿಗೆ ಹೆಡ್‌ಫೋನ್ ಇಟ್ಟುಕೊಂಡು ಏಳರವರೆಗೂ ಕೂತ. ಯಾರೂ ಸಿಗದ ದಿನ ಲಾಗ್‌ನಲ್ಲಿ ಬರೆಯಲು ಏನೂ ಇರುವುದಿಲ್ಲ.

"ಯಾರಾದ್ರೂ ಸಿಕ್ಕಿದ್ರೇನೋ?" ಅಡುಗೆಮನೆಯಿಂದ ಅಕ್ಕ ಕೇಳಿದಳು.

"ಇಲ್ಲ ಅಕ್ಕ," ಎಂದು ರೇಡಿಯೋ ಆಫ್ ಮಾಡಿ, ಸ್ಪ್ಯಾನರಿನ ಚೀಲ ಹೆಗಲಿಗೇರಿಸಿಕೊಂಡು ಕೆಲಸಕ್ಕೆ ಹೊರಟ.