ತಿರುವಿನ ಹೊಲಿಗೆ

ಬುಧವಾರ ಬೆಳಿಗ್ಗೆ ಎಂಟೂಕಾಲಿಗೆ ಠಾಣೆಯ ಮೆಟ್ಟಿಲು ಹತ್ತಿ ಇಬ್ಬರು ಬಂದರು. ಮುಂದೆ ಬಂದವರು ಒಂದು ಕಾರ್ಖಾನೆಯ ಮಾಲೀಕರು. ಬೀರು, ಸೋಫಾ, ಮಂಚದಂಥ ದೊಡ್ಡ ಸಾಮಾನುಗಳನ್ನು ಗೋದಾಮಿನೊಳಗೆ ಸಾಗಿಸುವ ಯಂತ್ರಗಳನ್ನು ಕಟ್ಟುವುದು ಅವರ ಕಸುಬು. ಹಿಂದೆ ಬಂದವಳು ಆ ಯಂತ್ರಗಳ ವಿನ್ಯಾಸ ಮಾಡುವವಳು. ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ಅವಳು ಇಂಜಿನಿಯರಮ್ಮ. ಮಾಲೀಕರು ಕುರ್ಚಿ ಎಳೆದುಕೊಂಡು ಕೂತರು, ಅವಳು ಕೂರಲಿಲ್ಲ.

"ನನ್ನ ಬೆಲ್ಟು ಕಳುವಾಗಿದೆ," ಎಂದರು ಮಾಲೀಕರು.

ಬರೆದುಕೊಳ್ಳಲು ಕೂತಿದ್ದ ಮಹಿಳಾ ಪೇದೆ ಅವರ ಸೊಂಟದ ಕಡೆ ನೋಡಿದಳು.

"ಆ ಬೆಲ್ಟಲ್ಲಮ್ಮ! ಸಾಮಾನು ಹೊತ್ತು ಸಾಗೋ ಬೆಲ್ಟು. ನಾಳೆ ಮಧ್ಯಾಹ್ನ ಮೂರಕ್ಕೆ ಅದನ್ನ ನೋಡೋಕೆ ಜನ ಬರ್ತಿದಾರೆ. ಒಪ್ಪಿದ್ರೆ ಅವರ ಎಲ್ಲಾ ಗೋದಾಮಿಗೂ ನಮ್ಮದೇ ಯಂತ್ರ. ಇಲ್ಲಾಂದ್ರೆ ಹೊರದೇಶದ್ದು ತರಿಸ್ಕೋತಾರೆ."

"ಬೇರೆ ಬೆಲ್ಟು ಹಾಕಕ್ಕಾಗಲ್ವಾ?" ಇನ್ಸ್‌ಪೆಕ್ಟರು ಕೇಳಿದರು.

ಉತ್ತರ ಕೊಟ್ಟವಳು ಇಂಜಿನಿಯರಮ್ಮ. "ನೇರ ಓಡೋ ಬೆಲ್ಟಾದ್ರೆ ಅಂಗಡಿಯಿಂದ ತರಬಹುದು ಸಾರ್. ಇದು ತಿರುವಿನದು. ತಿರುವಿನಲ್ಲಿ ಒಳಗಿನ ಅಂಚು ಕಡಿಮೆ ದಾರಿ ನಡೆಯುತ್ತೆ, ಹೊರಗಿನ ಅಂಚು ಹೆಚ್ಚು. ನೇರ ಪಟ್ಟಿ ಹಾಕಿದ್ರೆ ಒಳಗೆ ಸುಕ್ಕು, ಹೊರಗೆ ಹರಕು. ಅಂಬ್ರೆಲಾ ಲಂಗ ಕತ್ತರಿಸಿದ ಹಾಗೆ ಬಟ್ಟೆಯನ್ನೇ ಸುತ್ತು ಕತ್ತರಿಸಬೇಕು. ಅದನ್ನ ತಿರುಗಿಸೋ ರೋಲರು ಒಳತುದಿಗೆ ಸಣ್ಣ, ಹೊರತುದಿಗೆ ದಪ್ಪ ಇರಬೇಕು. ಇಷ್ಟು ಮಾಡಿದ್ರೂ ಬೆಲ್ಟು ಒಳಗಡೆಗೇ ಜಾರೋಕೆ ನೋಡುತ್ತೆ. ಅದಕ್ಕೆ ಹೊರಅಂಚಿಗೆ ದಪ್ಪ ಹುರಿ ಹೊಲಿದು ಹಿಡಿದು ನಿಲ್ಲಿಸಬೇಕು. ಇಷ್ಟಗಲದ್ದು, ಬೀರು ಹೊರೋವಂಥದ್ದು, ಇಲ್ಲಿ ಯಾರೂ ಮಾಡಿರಲಿಲ್ಲ."

ಹೇಳುತ್ತ ಹೇಳುತ್ತ ಅವಳ ಕುತ್ತಿಗೆ ನೆಟ್ಟಗಾಯಿತು. ನಾಳೆಯ ನೆನಪಾಗಿ ಮತ್ತೆ ಬಾಗಿತು.

"ಯಾರ ಮೇಲಾದ್ರೂ ಅನುಮಾನ?"

"ಪಕ್ಕದ ಗೋದಾಮಿನ ಹಮಾಲರ ಮೇಸ್ತ್ರಿ, ಪರೀಕ್ಷೆಗೆ ಬೀರು ಹತ್ತಿಸೋಕೆ ಬರ್ತಾನೆ," ಎಂದರು ಮಾಲೀಕರು, ಬಾಣ ಬತ್ತಳಿಕೆಯಲ್ಲೇ ಕಾದಿದ್ದಂತೆ. "ಪೈಲ್ವಾನ ಅಂತಾರೆ. ಈ ಬೆಲ್ಟನ್ನ ಹರಿದು ಹಾಕ್ತೀನಿ ಅಂತ ಕ್ಯಾಂಟೀನಲ್ಲಿ ಎಲ್ಲರೆದುರು ಕೂಗಾಡಿದಾನೆ."

ಕಳವು ಮತ್ತು ಅಕ್ರಮ ಪ್ರವೇಶದ ಎಫ್‌ಐಆರ್ ದಾಖಲಾಯಿತು.

ಸ್ಥಳ ಪಂಚನಾಮೆ ಹತ್ತಕ್ಕೆ ಶುರುವಾಯಿತು. ಶೆಡ್ಡಿನ ನಡುವೆ ಎರಡು ನೇರ ಬೆಲ್ಟುಗಳು ಒಂದಕ್ಕೊಂದು ಅಡ್ಡವಾಗಿ ನಿಂತಿದ್ದವು. ಅವೆರಡನ್ನು ಕೂಡಿಸಬೇಕಾದ ತಿರುವಿನಲ್ಲಿ ರೋಲರುಗಳು ಮಾತ್ರ, ಬಟ್ಟೆ ಕಳಚಿದ ಬೀಸಣಿಗೆಯ ಕಡ್ಡಿಗಳಂತೆ. ಪಕ್ಕದಲ್ಲಿ ಒಂದು ಡಬ್ಬಿಯ ಮುಚ್ಚಳ. ಅದರಲ್ಲಿ ಬಿಚ್ಚಿದ ಬೋಲ್ಟುಗಳು, ಪ್ರತಿಯೊಂದಕ್ಕೂ ಅದರದೇ ನಟ್ಟು ತೊಡಿಸಿ ಇಟ್ಟದ್ದು.

"ಅಚ್ಚುಕಟ್ಟಾದ ಕಳ್ಳ," ಎಂದರು ಇನ್ಸ್‌ಪೆಕ್ಟರು.

ಪೇದೆ ಯಂತ್ರದ ಕೆಳಗೆ ತೂರಿ, ಮೊಣಕೈಗೆ ಗ್ರೀಸು ಬಳಿದುಕೊಂಡು ಹೊರಬಂದಳು. ಅವಳ ಅಂಗೈಯಲ್ಲಿ ದಪ್ಪ ದಾರದ ತುಣುಕುಗಳು. ಮೂಸಿ ನೋಡಿದಳು.

"ಮೇಣ ಹಚ್ಚಿದ ದಾರ ಸಾರ್. ಬೆಲ್ಟು ಬಳೆ ಥರ ಸುತ್ತಿಕೊಂಡಿರುತ್ತೆ, ರೋಲರೆಲ್ಲ ಕಳಚಬೇಕು, ಇಲ್ಲಾ ಎರಡು ತುದಿ ಕೂಡಿಸಿ ಹೊಲಿದ ಜೋಡಣೆ ತೆಗೀಬೇಕು, ಆಗಲೇ ಹೊರಗೆ ಬರೋದು. ಕಳ್ಳನಾದವನು ಚಾಕು ಹಾಕಿ ಪರ್ ಅಂತ ಸೀಳಿಕೊಂಡು ಹೋಗ್ತಿದ್ದ. ಇವನು ಕೂತು ಒಂದೊಂದೇ ಹೊಲಿಗೆ ಬಿಚ್ಚಿದಾನೆ."

"ಅಂದ್ರೆ?"

"ನಾನು ನನ್ನ ಬ್ಲೌಸು ನಾನೇ ಹೊಲ್ಕೋತೀನಿ ಸಾರ್. ಕುಯ್ಯೋನು ಬೇಡಾಂತ ಕುಯ್ತಾನೆ. ಬಿಚ್ಚೋನು ಮತ್ತೆ ಹೊಲಿಯೋ ಮನಸ್ಸಿದ್ದೇ ಬಿಚ್ತಾನೆ."

ಇನ್ಸ್‌ಪೆಕ್ಟರು ಒಂದು ಗಳಿಗೆ ಅವಳನ್ನೇ ನೋಡಿ, "ಇದನ್ನ ಪಂಚನಾಮೆಗೆ ಸೇರಿಸು. ನಿನ್ನ ಬ್ಲೌಸಿನ ವಿಚಾರ ಬಿಟ್ಟು," ಎಂದರು. ಅವರ ಮೀಸೆಯಡಿ ಇದ್ದದ್ದು ನಗುವಲ್ಲ, ಹೆಮ್ಮೆ. ಅವಳನ್ನು ಈ ಠಾಣೆಗೆ ಕೇಳಿ ಹಾಕಿಸಿಕೊಂಡವರು ಅವರೇ.

ಗೇಟಿನ ಕಾವಲುಗಾರನನ್ನು ಕೇಳಿದ್ದಾಯಿತು. "ಹೊರಗಿನವರು ಯಾರೂ ಬಂದಿಲ್ಲ ಸಾರ್. ಒಂದು ನೊಣಾನೂ ಬಂದಿಲ್ಲ," ಎಂದ.

ಪೈಲ್ವಾನ ಠಾಣೆಗೆ ತಾನಾಗಿಯೇ ನಡೆದು ಬಂದ. ಬೆಂಚು ಅವನ ಭಾರಕ್ಕೆ ಕಿರುಗುಟ್ಟಿತು.

"ಬೆಲ್ಟು ಹರಿದು ಹಾಕ್ತೀನಿ ಅಂದ್ಯಾ?"

"ಅಂದೆ."

"ಯಾಕೆ?"

"ಪರೀಕ್ಷೆ ಮಾಡೋವಾಗ ಬೀರು ವಾಲಿ ನನ್ನ ಭುಜದ ಮೇಲೆ ಬಿತ್ತು ಸಾರ್. ಆ ಹೊತ್ತಲ್ಲಿ ಬಾಯಿಗೆ ಮಂತ್ರ ಬರುತ್ತಾ?"

"ಬೆಲ್ಟು ಬಂದ್ರೆ ನಿಮ್ಮ ಕೆಲಸ ಹೋಗುತ್ತೆ ಅಂತ ಸಿಟ್ಟಿಲ್ವಾ?"

"ಕೆಲಸ ಎಲ್ಲಿ ಹೋಗುತ್ತೆ? ಹತ್ತಿಸೋನು ಬೇಕು, ಇಳಿಸೋನು ಬೇಕು. ಹೋಗೋದು ಸೊಂಟನೋವು. ಗೋದಾಮಿನ ತಿರುವಿನಲ್ಲಿ ಮಂಚ ಹೊತ್ತು ತಿರುಗಿಸಿ ತಿರುಗಿಸಿ ನಮ್ಮಪ್ಪ ಬಗ್ಗಿದೋನು ಮತ್ತೆ ನೆಟ್ಟಗಾಗಲೇ ಇಲ್ಲ. ಇಂಜಿನಿಯರಮ್ಮ ಮೊದಲನೇ ದಿನ ಬಂದು, ಭಾರ ಎಲ್ಲಿ ಬೀಳುತ್ತೆ ತೋರ್ಸಣ್ಣ ಅಂತ ಕೇಳಿದ್ದು ನನ್ನನ್ನ. ಅದು ನನ್ನ ಬೆಲ್ಟೂ ಹೌದು ಸಾರ್. ನಾನು ಕದೀತೀನಾ?"

"ಬೀರು ಪ್ರತಿ ಸಲ ವಾಲ್ತಿತ್ತಾ?"

"ಅದೇ ತಮಾಷೆ. ಒಂದು ಬೀರು ತೇರಿನ ಹಾಗೆ ಗಂಭೀರವಾಗಿ ಹೋಗೋದು. ಅದರ ಹಿಂದಿಂದು ಕುಡಿದವನ ಹಾಗೆ ವಾಲೋದು. ಅದೇ ಬೀರು ಮತ್ತೆ ಹತ್ತಿಸಿದ್ರೆ ಸರಿಯಾಗಿ ಹೋಗೋದು."

ಇನ್ಸ್‌ಪೆಕ್ಟರು ಪೆನ್ನು ಕೆಳಗಿಟ್ಟರು. "ಇಲ್ಲೇ ಕೂತಿರು."

"ಕೂತಿರ್ತೀನಿ. ಆದ್ರೆ ನಾನು ಠಾಣೆಲಿ ಕೂತಿದ್ದು ಗೋದಾಮಿಗೆಲ್ಲ ಗೊತ್ತಾಗಿದೆ. ಕೊನೆಗೆ ನಾನಲ್ಲ ಅನ್ನೋದೂ ಅಷ್ಟೇ ಜೋರಾಗಿ ಗೊತ್ತಾಗಬೇಕು."

ಇನ್ಸ್‌ಪೆಕ್ಟರೂ ಪೇದೆಯೂ ಮತ್ತೆ ಶೆಡ್ಡಿಗೆ ಹೋದಾಗ ಇಂಜಿನಿಯರಮ್ಮ ಒಬ್ಬಳೇ ರೋಲರುಗಳ ಮುಂದೆ ಕೂತಿದ್ದಳು.

"ಬೀರು ವಾಲ್ತಿದ್ದದ್ದು ಯಾಕೆ?"

"ನನ್ನ ರೋಲರಿನ ಲೆಕ್ಕ ತಪ್ಪಿದೆ. ಮಾಲೀಕರಿಗೂ ಹೇಳಿದೀನಿ. ನಾಳೆ ವಾಲಿದ್ರೆ ಹೊಣೆ ನಂದು, ಕೆಲಸ ಬಿಡ್ತೀನಿ ಅಂತಾನೂ ಹೇಳಿದೀನಿ."

"ನಾನು ಇಂಜಿನಿಯರಲ್ಲ. ಆದ್ರೂ ಕೇಳ್ತೀನಿ. ರೋಲರು ಇದ್ದಲ್ಲೇ ಇರುತ್ತೆ. ಅದು ತಪ್ಪಿದ್ರೆ ಎಲ್ಲಾ ಬೀರೂ ವಾಲಬೇಕಲ್ವಾ? ಒಂದು ವಾಲಿ ಇನ್ನೊಂದು ವಾಲದೇ ಇದ್ರೆ, ತಪ್ಪು ಓಡಾಡ್ತಿರೋದ್ರಲ್ಲಿದೆ. ಬೆಲ್ಟಲ್ಲಿ."

ಅವಳು ಪಕ್ಕದ ರೋಲರನ್ನು ಬೆರಳಲ್ಲಿ ತಿರುಗಿಸಿದಳು.

"ನಿಮಗೆ ಮೊದಲೇ ಗೊತ್ತಿತ್ತು."

"ಮೊದಲನೇ ಬೀರು ವಾಲಿದಾಗಲೇ," ಎಂದಳು ಮೆಲ್ಲಗೆ. "ಜೋಡಣೆ ಮೇಲೆ ಕೈಯಾಡಿಸಿದೆ. ಎರಡು ಪದರದ ನಡುವೆ ಬಟ್ಟೆ ಮಡಿಚಿ ಒಳಗಿಟ್ಟು ಹೊಲಿದಿದೆ. ಎರಡು ಬೆರಳಗಲ. ಆ ಉಬ್ಬಿನ ಮೇಲೆ ಕಾಲಿಟ್ಟ ಬೀರು ವಾಲುತ್ತೆ. ಅಂಚಿಗೆ ಅಂಚು ಕೂಡಿಸಿ ಅಂತ ಹೇಳಿದ್ದೆ. ಮಡಿಸೋದು ಅವರ ಕೈಯ ಅಭ್ಯಾಸ."

"ಯಾರ ಕೈಯ?"

"ಬರೀಬೇಡಿ ಸಾರ್."

"ಬರೀದೇ ಇದ್ರೆ ಪೈಲ್ವಾನ ಮನೆಗೆ ಹೋಗಲ್ಲ."

ಅವಳು ಎದ್ದು ನಿಂತಳು. "ನನ್ನ ಸೋದರಮಾವ. ಲಾರಿಗಳಿಗೆ ಟಾರ್ಪಾಲು ಹೊಲೀತಾರೆ. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನ ಸಾಕಿದವರು ಅವರು. ಸಪಾಟಾದ ಬಟ್ಟೆ ದುಂಡಗೆ ನಿಲ್ಲೋದನ್ನ ನಾನು ಕಾಲೇಜಲ್ಲಿ ಕಲೀಲಿಲ್ಲ ಸಾರ್, ಅವರು ಡೇರೆಯ ತಲೆ ಕತ್ತರಿಸೋದನ್ನ ನೋಡಿ ಕಲಿತೆ. ಅವರು ಹೊಲಿದದ್ದು ಇವತ್ತಿನವರೆಗೂ ವಾಪಸ್ ಬಂದಿಲ್ಲ. ಮೊದಲನೇ ಸಲ ನನ್ನ ಕೈಯಿಂದ ವಾಪಸ್ ಬರೋದು ಬೇಡ ಅನ್ನಿಸ್ತು. ಹೇಗಾದ್ರೂ ನಾನೇ ಗುಟ್ಟಾಗಿ ಬಿಚ್ಚಿ ಕೂಡಿಸೋಣ ಅಂತಿದ್ದೆ. ಅಷ್ಟರಲ್ಲಿ ಬೆಲ್ಟೇ ಇಲ್ಲ."

ಹೊರಗೆ ಹೋಗುವಾಗ ಪೇದೆ ಗೇಟಿನಲ್ಲಿ ನಿಂತಳು. "ಅಣ್ಣಾ, ನೊಣದ ಕತೆ ಬಿಡು. ಮನೆಯವರ ಥರ ಬಂದು ಹೋಗೋರು ಯಾರಾದ್ರೂ ನಿನ್ನೆ ಬಂದಿದ್ರಾ?"

"ಇಂಜಿನಿಯರಮ್ಮನ ಮಾವ ಬಂದಿದ್ರು, ಕೈಗಾಡಿ ತಗೊಂಡು. ಮಿಕ್ಕ ಟಾರ್ಪಾಲು ಒಯ್ತೀನಿ ಅಂದ್ರು. ಅವರು ಹೊರಗಿನವರಾ?"

"ಎಷ್ಟೊತ್ತಿಗೆ ಹೊರಟ್ರು?"

"ಅದು... ನಂಗೆ ಕಣ್ಣು ಒಂಚೂರು ಹತ್ತಿತ್ತಮ್ಮ."

ಟಾರ್ಪಾಲಿನ ಅಂಗಡಿ ಲಾರಿ ನಿಲ್ದಾಣದ ಹಿಂದಿನ ಬೀದಿಯಲ್ಲಿತ್ತು. ಬಾಗಿಲು ಅರ್ಧ ಎಳೆದಿತ್ತು. ಒಳಗೆ ಅಂಗಳದಷ್ಟು ಹರಡಿದ್ದ ಬೆಲ್ಟಿನ ನಡುವೆ, ಬಿಳಿಗಡ್ಡದ ಒಬ್ಬ ಮುದುಕರು ಚಕ್ಕಳಮಕ್ಕಳ ಹಾಕಿ ಕೂತು, ದಬ್ಬಳದಲ್ಲಿ ಹೊಲಿಯುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು. ಯಾವುದೋ ಪದ್ಯ, ಪಾದ ಮುಗಿದಲ್ಲಿ ಒಂದು ಹೊಲಿಗೆ ಬಿಗಿಯುತ್ತಿತ್ತು. ಖಾಕಿ ಕಂಡರೂ ಪದ್ಯ ನಿಲ್ಲಿಸಲಿಲ್ಲ. ಆ ಪಾದ ಮುಗಿಸಿಯೇ ತಲೆ ಎತ್ತಿದರು.

"ಬನ್ನಿ ಸ್ವಾಮಿ. ಇನ್ನೊಂದು ಗೇಣು ಬಾಕಿ ಇದೆ."

"ಕದ್ದದ್ದು ನೀವೇನಾ ಯಜಮಾನರೇ?"

"ನಾನೇ. ಮುಗಿಸಿ ಬೆಳಕು ಹರಿಯೋದರೊಳಗೆ ವಾಪಸ್ ಹಾಕಿಬಿಡೋಣ ಅಂತಿದ್ದೆ. ಬಿಚ್ಚೋದರಲ್ಲೇ ಹೊತ್ತು ಹೋಯ್ತು. ನನ್ನ ಹೊಲಿಗೆ ಅಷ್ಟು ಸುಲಭಕ್ಕೆ ಬಿಚ್ಚಿಕೊಳ್ಳಲ್ಲ." ಇಷ್ಟರಲ್ಲೂ ಒಂದಿಷ್ಟು ಜಂಬ ಇಣುಕಿತು.

"ನಿಮ್ಮಿಂದ ಹಮಾಲರ ಮೇಸ್ತ್ರಿ ಬೆಳಗಿನಿಂದ ಠಾಣೆಲಿ ಕೂತಿದಾನೆ."

ದಬ್ಬಳ ನಿಂತಿತು. ಮುದುಕರ ಮುಖ ಇಳಿದುಹೋಯಿತು. "ಅಯ್ಯೋ. ಅದು ನಂಗೆ ಗೊತ್ತಿರಲಿಲ್ಲ. ಅವನನ್ನ ಬಿಟ್ಟುಬಿಡಿ ಸ್ವಾಮಿ, ಈಗಲೇ. ನಾನು ಎಲ್ಲೂ ಓಡಲ್ಲ."

ಇನ್ಸ್‌ಪೆಕ್ಟರು ಅಲ್ಲಿಂದಲೇ ಠಾಣೆಗೆ ಫೋನು ಮಾಡಿ, ಪೈಲ್ವಾನನನ್ನು ಜೀಪಿನಲ್ಲೇ ಗೋದಾಮಿನ ಬಾಗಿಲವರೆಗೆ ಬಿಟ್ಟುಬರಲು ಹೇಳಿದರು, ಎಲ್ಲರೂ ನೋಡುವಂತೆ. ಆಮೇಲೆ ಪೇದೆಯ ಕಡೆ ತಿರುಗಿದರು.

"ಜಪ್ತಿ ಮಾಡೋಕೆ ಇಬ್ಬರು ಪಂಚರು ಬೇಕು. ಕರ್ಕೊಂಡು ಬಾ. ಪಂಚರಿಲ್ಲದೆ ನಾನು ಮಾಲು ಮುಟ್ಟೋಹಾಗಿಲ್ಲ. ನಿಧಾನವಾಗಿ ಹೋಗಿ ಬಾ."

"ಎಷ್ಟು ನಿಧಾನ ಸಾರ್?"

"ಒಂದು ಗೇಣಿನಷ್ಟು."

ಪೇದೆ ಸಲ್ಯೂಟು ಹೊಡೆದು, ಎದುರಿಗೇ ಇದ್ದ ಎರಡು ಅಂಗಡಿಗಳನ್ನು ದಾಟಿ, ಬೀದಿಯ ಕೊನೆಯ ಕಡೆ ನಡೆದಳು.

ಇನ್ಸ್‌ಪೆಕ್ಟರು ಟಾರ್ಪಾಲಿನ ಸುರುಳಿಯ ಮೇಲೆ ಕೂತರು. "ಕೇಳಿದ್ರೆ ಅವಳೇ ಕೊಡ್ತಿದ್ದಳಲ್ಲ?"

"ಕೇಳಿದ್ರೆ ಯಾಕೆ ಅಂತಿದ್ದಳು." ದಾರಕ್ಕೆ ಮೇಣ ಎಳೆಯುತ್ತ ಅವರು ಹೇಳಿದರು. "ಅವಳು ಚಿಕ್ಕೋಳಿದ್ದಾಗ ಅವಳ ಲಂಗ ನಾನೇ ಹೊಲೀತಿದ್ದೆ. ಬೆಳೆಯೋ ಮಗು, ಬರೋ ವರ್ಷ ಬಿಚ್ಚಿ ಉದ್ದ ಮಾಡೋಣ ಅಂತ ಒಳಗೆ ಎರಡು ಬೆರಳು ಬಟ್ಟೆ ಮಡಿಸಿಡ್ತಿದ್ದೆ. ಈ ಬೆಲ್ಟು ಹೊಲಿಯೋವಾಗ, ನಮ್ಮ ಹುಡುಗಿ ಕೆಲಸ, ನಮ್ಮ ಹುಡುಗಿ ಕೆಲಸ ಅನ್ನೋ ಸಂಭ್ರಮದಲ್ಲಿ ಕೈ ತನ್ನ ಪಾಡಿಗೆ ಮಡಿಸಿಬಿಟ್ಟಿದೆ. ಬೀರು ವಾಲ್ತಿದೆ, ನನ್ನ ಲೆಕ್ಕವೇ ತಪ್ಪು ಅಂತ ಅವಳು ಮನೇಲಿ ಊಟ ಬಿಟ್ಟು ಕೂತಾಗ ಕೈಗೆ ನೆನಪಾಯ್ತು. ಅವಳು ಎಲ್ಲರಿಗೂ, ನಮ್ಮ ಮಾವನ ಹೊಲಿಗೆ ದೇವರ ಆಣೆ ಇದ್ದ ಹಾಗೆ ಅಂತ ಹೇಳ್ಕೊಂಡು ತಿರುಗ್ತಾಳೆ. ಅವಳ ಮುಂದೆ ನಿಂತು ತಪ್ಪು ನಂದು ಅನ್ನೋಕೆ ನಾಲಿಗೆ ಏಳಲಿಲ್ಲ. ಕಳ್ಳತನಕ್ಕೆ ಕೈ ಎದ್ದಿತು ನೋಡಿ."

"ಅವಳಿಗೆ ಗೊತ್ತಿತ್ತು ಯಜಮಾನರೇ."

"ಏನು?"

"ಮಡಿಕೆ. ಮೊದಲನೇ ಬೀರು ವಾಲಿದಾಗಲೇ ಕಂಡುಹಿಡಿದಿದ್ದಾಳೆ. ನಿಮ್ಮ ಹೆಸರು ಬರಬಾರದು ಅಂತ ರೋಲರಿನ ಮೇಲೆ ಹಾಕ್ಕೊಂಡಿದ್ದಾಳೆ."

ಮುದುಕರು ಮೇಣದ ಉಂಡೆ ಕೆಳಗಿಟ್ಟರು. ಕಣ್ಣು ತುಂಬಿತೆಂದು ಇನ್ಸ್‌ಪೆಕ್ಟರು ಬೇರೆ ಕಡೆ ನೋಡಿದರು. ತಿರುಗಿದಾಗ ಆ ಮುಖದಲ್ಲಿ ಬೇರೆಯದೇ ಏನೋ ಅರಳುತ್ತಿತ್ತು.

"ಯಾರೂ ಹೇಳದೇನೇ?"

"ಯಾರೂ ಹೇಳಿಲ್ಲ."

"ಒಂದೇ ಬೀರಿಗೆ?" ತೊಡೆ ತಟ್ಟಿಕೊಂಡರು. "ಹೊಲಿದ ನಂಗೆ ದಿನಗಟ್ಟಲೆ ಹಿಡೀತು ಸ್ವಾಮಿ! ನೋಡಿದಿರಾ ನಮ್ಮ ಅಕ್ಕನ ಮಗಳನ್ನ?"

ಗೇಣು ಮುಗಿಯಿತು. ಹಲ್ಲಿನಿಂದ ದಾರ ಕಡಿದು, ಜೋಡಣೆಯ ಮೇಲೆ ಅಂಗೈ ಸವರಿ ನೋಡಿ, ಎದ್ದು ಎರಡೂ ಕೈ ಮುಂದೆ ಚಾಚಿದರು. ಬೇಡಿ ಹಾಕಲಿಲ್ಲ. ಅಷ್ಟರಲ್ಲಿ ಪೇದೆ ಪಂಚರೊಂದಿಗೆ ಬಂದಳು. ಜಪ್ತಿ ಪಂಚನಾಮೆ ಮುಗಿದು, ಸಂಜೆ ನಾಲ್ಕೂವರೆಗೆ ಆರೋಪಿಯ ದಸ್ತಗಿರಿ ದಾಖಲಾಯಿತು.

ಗುರುವಾರ ಬೆಳಿಗ್ಗೆ ಆರೋಪಿಯನ್ನೂ ಮಾಲನ್ನೂ ಒಟ್ಟಿಗೇ ನ್ಯಾಯಾಲಯಕ್ಕೆ ಒಯ್ದರು. ಮುಚ್ಚಳಿಕೆ ಬರೆಸಿಕೊಂಡು ನ್ಯಾಯಾಧೀಶರು ಬೆಲ್ಟನ್ನು ಮಾಲೀಕರ ವಶಕ್ಕೆ ಕೊಟ್ಟರು. ಜಾಮೀನಿನ ಕಾಗದಪತ್ರ ಸಂಜೆಯ ಹೊತ್ತಿಗೆ ಆಗುವುದಿತ್ತು. ಅಲ್ಲಿಯವರೆಗೆ ಮುದುಕರು ನ್ಯಾಯಾಲಯದ ಹಿಂದಿನ ಕೋಣೆಯಲ್ಲಿ ಕೂತರು.

ರೋಲರುಗಳನ್ನು ಕಳಚಿ ಬೆಲ್ಟು ತೊಡಿಸಿ ಮುಗಿಸುವಷ್ಟರಲ್ಲಿ ಮೂರಾಯಿತು, ಜನ ಬಂದರು. ಎಲ್ಲರಿಗಿಂತ ದೊಡ್ಡ ಬೀರನ್ನು ಪೈಲ್ವಾನನೇ ಹತ್ತಿಸಿ, ಹೋಗಿ ತಿರುವಿನ ಹೊರಮಗ್ಗುಲಲ್ಲಿ ಎದೆಯೊಡ್ಡಿ ನಿಂತ. ಬೀರು ಬಂತು, ತಿರುಗಿತು, ಹೋಯಿತು. ಇನ್ನೊಂದು ಹೋಯಿತು. ಮಂಚ, ಸೋಫಾ, ಮತ್ತೆ ಬೀರು. ಯಾವುದೂ ತಲೆ ಅಲ್ಲಾಡಿಸಲಿಲ್ಲ. ಬಂದವರ ಮುಖ್ಯಸ್ಥರು ಯಂತ್ರ ನಿಲ್ಲಿಸಿ, ಬಗ್ಗಿ, ಬೆಲ್ಟಿನ ಮೇಲೆಲ್ಲ ಕೈಯಾಡಿಸಿದರು.

"ಜೋಡಣೆ ಎಲ್ಲಿದೆ? ಸಿಕ್ತಾನೇ ಇಲ್ಲವಲ್ಲ."

"ಕೈಗೆ ಸಿಗಲ್ಲ ಸಾರ್," ಎಂದಳು ಇಂಜಿನಿಯರಮ್ಮ. "ಹೊಲಿದವರು ನನ್ನ ಸೋದರಮಾವ."

"ಅವರನ್ನ ಕರೀರಿ, ನೋಡಬೇಕು."

ಮಾಲೀಕರು ಕೆಮ್ಮಿದರು. ಅವಳು ಅವರ ಕಡೆ ನೋಡಲಿಲ್ಲ. "ಇವತ್ತು ಆಗಲ್ಲ. ಪೊಲೀಸರ ವಶದಲ್ಲಿದಾರೆ. ಇದೇ ಬೆಲ್ಟು ಕದ್ದದ್ದಕ್ಕೆ. ತಮ್ಮ ಹೊಲಿಗೆ ಸರಿಮಾಡೋಕೆ ಕದ್ದಿದ್ದರು." ಪದವಿ ಪಡೆದವರ ಹೆಸರನ್ನು ವೇದಿಕೆಯಿಂದ ಕೂಗಿ ಹೇಳುವಂತೆ ಹೇಳಿದಳು.

ಆ ಜನ ಅಂದೇ ಒಪ್ಪಿಗೆ ಹೇಳಿ ಹೋದರು.

ಪ್ರಕರಣ ನಡೆಯಬೇಕಾದಂತೆ ನಡೆಯಿತು. ಲಾಭದ ಆಸೆ ಮುದುಕರಲ್ಲಿರಲಿಲ್ಲ, ಹಗೆಯೂ ಇರಲಿಲ್ಲ. ಮಗು ಬೆಳೆದು ದೊಡ್ಡವಳಾದಳೆಂದು ಎಲ್ಲರಿಗೂ ತಿಳಿದಿತ್ತು, ಮಡಿಸಿ ಹೊಲಿದ ಆ ಕೈಗೆ ಮಾತ್ರ ತಿಳಿದಿರಲಿಲ್ಲ. ತಿಳಿದ ಮೇಲೆ ಅವಳೆದುರು ಚಿಕ್ಕವರಾಗಲು ಅವರಿಗೆ ಧೈರ್ಯ ಸಾಲಲಿಲ್ಲ.

ಗುರುವಾರ ಸಂಜೆ ಇನ್ಸ್‌ಪೆಕ್ಟರು ನ್ಯಾಯಾಲಯದ ಹಿಂದಿನ ಕೋಣೆಗೆ ಹೋದಾಗ ಮುದುಕರು ಎದ್ದು ನಿಂತು ಕೇಳಿದ್ದು ಜಾಮೀನಿನ ವಿಷಯವಲ್ಲ.

"ಎಲ್ಲಾ ಬೀರೂ ಹೋಯ್ತಾ?"

"ಹೋಯ್ತು."

"ಒಂದೂ ವಾಲಲಿಲ್ಲ?"

"ಒಂದೂ ಇಲ್ಲ. ಹೊಲಿಗೆ ಯಾರದು ಅಂತ ಕೇಳಿದ್ರು."

"ಹೊಲಿಗೇದೇನು ಬಿಡಿ ಸ್ವಾಮಿ," ಎಂದು ಮುದುಕರು ಕೈ ಒದರಿದರು. "ಆ ರೋಲರು ನೋಡಿದ್ರಾ? ಒಂದು ತುದಿ ಸಣ್ಣ, ಒಂದು ತುದಿ ದಪ್ಪ. ಅದು ಅವಳದು."