ಕಪಾಟಿನ ಮೇಲಿನ ಫ್ಯಾನು

ಸೋಮವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಠಾಣೆಗೆ ಬಂದ ಟೈಲರಮ್ಮನ ಕೈಯಲ್ಲಿ ಮೂರು ಚೀಟಿಗಳಿದ್ದವು. ಬೇಡವಾದ ದೊಡ್ಡ ಸಾಮಾನುಗಳನ್ನು ಮನೆ ಮುಂದಿನಿಂದ ಒಯ್ಯುವ ನಗರಸಭೆಯ ಲಾರಿಯವರು 'ಬಂದಿದ್ದೆವು, ಸಾಮಾನು ಹೊರಗಿಟ್ಟಿರಲಿಲ್ಲ' ಎಂದು ಬಾಗಿಲಿಗೆ ಅಂಟಿಸಿ ಹೋದ ಚೀಟಿಗಳು.

"ನಾನು ಫೋನೇ ಮಾಡಿಲ್ಲ ಮೇಡಂ. ಯಾರೋ ನನ್ನ ಹೆಸರಲ್ಲಿ ಬುಕ್ ಮಾಡ್ತಿದ್ದಾರೆ. ಮೊದಲನೇ ವಾರ ಮಂಚ. ಆಮೇಲೆ ಎಡಗಡೆ ಕೀಲು ಮುರಿದ ಕಪಾಟು. ಕೀಲು ಮುರಿದಿದ್ದು ನನಗೊಬ್ಬಳಿಗೇ ಗೊತ್ತು!"

ಹೆಡ್ ಕಾನ್‌ಸ್ಟೆಬಲ್ ಮೂರನೆಯದನ್ನು ಓದಿದಳು. 'ಕಪಾಟಿನ ಮೇಲಿರುವ ಮುರಿದ ಟೇಬಲ್ ಫ್ಯಾನ್, ಒಂದು.'

"ನಮ್ಮನೇಲಿ ಅಂಥ ಫ್ಯಾನೇ ಇಲ್ಲ."

"ಮನೇಲಿ ಯಾರ್ಯಾರಿದ್ದೀರಿ?"

"ನಾನೊಬ್ಬಳೇ. ಬಾಡಿಗೆಗೆ ಬಂದು ಎರಡು ವರ್ಷ. ಯಜಮಾನರು ಹೋಗಿ ಎಂಟು ತಿಂಗಳು."

ಎಫ್‌ಐಆರ್ ದಾಖಲಾಯಿತು. ಹನ್ನೆರಡರ ಸುಮಾರಿಗೆ ಲಾರಿ ಬುಕಿಂಗ್ ಕಚೇರಿಯಲ್ಲಿ ಇನ್ಸ್‌ಪೆಕ್ಟರ್ ಕರೆಯ ಧ್ವನಿಮುದ್ರಣ ಕೇಳಿಸಿಕೊಂಡರು. ಗಂಡು ಧ್ವನಿ. ಪಕ್ಕದಲ್ಲೇ ಯಾರೋ ಮಲಗಿದ್ದಾರೇನೋ ಎನ್ನುವಂಥ ಪಿಸುಮಾತು. ಆ ನಂಬರು ಸ್ವಿಚ್ ಆಫ್ ಆಗಿತ್ತು.

ಎರಡೂವರೆಗೆ ಮನೆಯ ಪಂಚನಾಮೆ. ಬೀಗ ಸರಿಯಿತ್ತು, ಕಿಟಕಿಯ ಸರಳುಗಳು ಅಲುಗಿರಲಿಲ್ಲ. ಕಪಾಟಿನ ನೆತ್ತಿಗೆ ಎತ್ತರದ ಕೆತ್ತನೆ ಪಟ್ಟಿ. ಅದರ ಹಿಂದೆ ಏನಿದೆಯೆಂದು ಕೆಳಗಿನಿಂದ ಕಾಣುವಂತಿರಲಿಲ್ಲ. ಹೆಡ್ ಕಾನ್‌ಸ್ಟೆಬಲ್ ಸ್ಟೂಲು ಹತ್ತಿದಳು. ಸಾಲದೆ ಮಂಚದ ಮೇಲೆ ಸ್ಟೂಲಿಟ್ಟು ಹತ್ತಿದಳು. ಪಟ್ಟಿಯ ಹಿಂದೆ, ದೂಳಿನಲ್ಲಿ, ರೆಕ್ಕೆ ಮುರಿದ ಫ್ಯಾನು ಮಲಗಿತ್ತು. ಸತ್ತ ಗಂಡ ಎಂದೋ ಎಸೆದಿಟ್ಟಿರಬೇಕು.

ಇದು ಯಾರಿಗೆ ಕಂಡೀತು? ಮೇಲಿನಿಂದ ನೋಡುವವರಿಗೆ ಮಾತ್ರ.

ಅವಳು ತಲೆಯೆತ್ತಿದಳು. ಅಟ್ಟದ ಹಲಗೆಗಳ ನಡುವೆ ಎರಡು ಬೆರಳಿನಷ್ಟು ಸಂದು. ನೋಡುತ್ತಿದ್ದಂತೆ ಆ ಸಂದಿನ ಕತ್ತಲು ಸ್ವಲ್ಪ ಸರಿದು, ಅಲ್ಲಿ ಬೆಳಕು ಬಂತು.

ಅವಳು ನಿಧಾನವಾಗಿ ಇಳಿದು, ಇನ್ಸ್‌ಪೆಕ್ಟರಿಗೆ ಕಣ್ಣಲ್ಲೇ ಮೇಲೆ ತೋರಿಸಿ, ಗಟ್ಟಿಯಾಗಿ ಹೇಳಿದಳು: "ಏನೂ ಇಲ್ಲ ಸಾರ್. ಬನ್ನಿ ಅಮ್ಮ, ಠಾಣೇಲಿ ಒಂದು ಸಹಿ ಹಾಕಿಬಿಡಿ."

ಹೊರಗೆ ಬರುವವರೆಗೂ ಟೈಲರಮ್ಮನ ಕೈಯನ್ನು ಬಿಡಲಿಲ್ಲ.

ಹಿತ್ತಲ ಕಡೆಯ ಸೂರಿನಲ್ಲಿ ಒಂದು ಹೆಂಚು ಸಡಿಲವಾಗಿತ್ತು. ಇಬ್ಬರು ಕಾನ್‌ಸ್ಟೆಬಲ್‌ಗಳು ಅಲ್ಲಿ ನಿಂತರು. ಮೂರೂಕಾಲಿಗೆ ಇನ್ಸ್‌ಪೆಕ್ಟರ್ ಕೋಣೆಯೊಳಗಿನಿಂದ ಅಟ್ಟಕ್ಕೆ ಏಣಿ ಹಾಕಿದರು. ಜಗಳವೇ ಆಗಲಿಲ್ಲ. ಐವತ್ತು ದಾಟಿದ, ಕಡ್ಡಿಯಂಥ ಗಂಡಸೊಬ್ಬ ತೆವಳಿಕೊಂಡು ಬಂದ. ನೆಲದ ಮೇಲೆ ನಿಲ್ಲಿಸಿದರೂ ಅವನ ಬೆನ್ನು ನೆಟ್ಟಗಾಗಲಿಲ್ಲ.

"ಎಷ್ಟು ದಿನದಿಂದ ಇದ್ದೀಯ?"

"ಐದು ತಿಂಗಳು ಸಾರ್."

ಬಾಗಿಲಿಗೆ ಬಂದು ನಿಂತಿದ್ದ ಟೈಲರಮ್ಮ ಗೋಡೆ ಹಿಡಿದು ಕುಳಿತಳು. ಈ ಐದು ತಿಂಗಳೂ ಆಕೆ ಗಂಡನ ಫೋಟೊದ ಜೊತೆ ಬಾಯಿಬಿಟ್ಟು ಮಾತಾಡಿದ್ದಳು, ಅತ್ತಿದ್ದಳು.

ಅವನು ಗಡಿಯಾರ ರಿಪೇರಿಯವನು. ಟೈಲರಮ್ಮನಿಗಿಂತ ಮೊದಲು ಆ ಮನೆಯ ಬಾಡಿಗೆದಾರ. ಎರಡು ವರ್ಷದ ಹಿಂದೆ ನಲವತ್ತು ದಿನ ಆಸ್ಪತ್ರೆಯಲ್ಲಿದ್ದು ಬಂದಾಗ ಬೀಗ ಬದಲಾಗಿತ್ತು. ಮನೆ ಮಾಲೀಕ ಅವನ ಸಾಮಾನನ್ನೆಲ್ಲ ರಸ್ತೆಗಿಟ್ಟು ಲಾರಿಗೆ ಫೋನು ಮಾಡಿದ್ದ.

"ಈಯಮ್ಮ ಏನು ಮಾಡಿದ್ರು ನಿಂಗೆ?"

"ಏನೂ ಇಲ್ಲ ಮೇಡಂ. ಹೆದರಿ ಮನೆ ಖಾಲಿ ಮಾಡಲಿ ಅಂತ. ಮುಟ್ಟೋಕೆ, ಹೊಡೆಯೋಕೆ ನನಗೆ ಬರಲ್ಲ."

ವಶಪಡಿಸಿಕೊಂಡ ವಸ್ತುಗಳ ಪಟ್ಟಿಯಲ್ಲಿ ಹೆಡ್ ಕಾನ್‌ಸ್ಟೆಬಲ್ ಬರೆದಳು: ಹೊದಿಕೆ ಒಂದು, ನೀರಿನ ಬಾಟಲಿ ಎರಡು, ಮೊಬೈಲ್ ಒಂದು.

"ಇಷ್ಟೇನಾ ನಿಂದು?"

ಅವನು ಕೋಣೆಯನ್ನೆಲ್ಲ ಒಮ್ಮೆ ನೋಡಿ, ಹೌದೆಂದು ತಲೆಯಾಡಿಸಿದ.